ಸೌಂದರ್ಯ ಪ್ರಸಾಧನ ವೃತ್ತಿ: ತರಬೇತಿಯಿಂದ ಸ್ವಂತ ಉದ್ಯಮದವರೆಗೆ

ಪೀಠಿಕೆ

ಬ್ಯೂಟಿ ಪಾರ್ಲರ್ ಮತ್ತು ಸಲೂನ್‌ಗಳು ಇಂದು ರಾಜ್ಯದ ಮಹಾನಗರಗಳಲ್ಲಿ ಮಾತ್ರವಲ್ಲದೆ ತಾಲ್ಲೂಕು ಹಾಗೂ ಹೋಬಳಿ ಕೇಂದ್ರಗಳಲ್ಲಿಯೂ ಕಂಡುಬರುತ್ತವೆ. ಕಡಿಮೆ ಬಂಡವಾಳದಲ್ಲಿ, ಮನೆಯ ಒಂದು ಕೊಠಡಿಯಲ್ಲಿಯೇ ಪ್ರಾರಂಭಿಸಬಹುದಾದ ಕಾರಣ ಈ ವೃತ್ತಿಯು ಗ್ರಾಮೀಣ ಮಹಿಳೆಯರನ್ನು ವಿಶೇಷವಾಗಿ ಆಕರ್ಷಿಸಿದೆ. ತಲೆತಲಾಂತರದಿಂದ ಕ್ಷೌರಿಕ ವೃತ್ತಿಯನ್ನು ನಡೆಸಿಕೊಂಡು ಬಂದ ಕುಟುಂಬಗಳ ಯುವಕರೂ ಹೊಸ ತಂತ್ರಗಳನ್ನು ಕಲಿತು ವೃತ್ತಿಯನ್ನು ವಿಸ್ತರಿಸಿಕೊಳ್ಳುತ್ತಿದ್ದಾರೆ.

ಆದರೆ ಸೂಕ್ತ ಮಾಹಿತಿ ಇಲ್ಲದೆ ಈ ಕ್ಷೇತ್ರಕ್ಕೆ ಬಂದವರು ನಷ್ಟಕ್ಕೆ ಒಳಗಾಗುವುದೂ ಉಂಟು. ಮಾನ್ಯತೆ ಇಲ್ಲದ ಪ್ರಮಾಣಪತ್ರಕ್ಕೆ ದುಬಾರಿ ಶುಲ್ಕ ತೆರುವುದು, ಕೆಲಸದಲ್ಲಿ ಕೈ ಪಳಗುವ ಮೊದಲೇ ಸಾಲ ಪಡೆದು ಮಳಿಗೆ ತೆರೆಯುವುದು, ಗ್ರಾಹಕರ ಚರ್ಮಕ್ಕೆ ಹಾನಿಯಾಗಿ ಹೆಸರು ಕೆಡಿಸಿಕೊಳ್ಳುವುದು ಇವುಗಳಲ್ಲಿ ಮುಖ್ಯವಾದವು. ಮೊದಲು ಕೌಶಲ, ನಂತರ ಅನುಭವ, ಆ ಬಳಿಕ ಸಾಲ ಎಂಬ ಕ್ರಮವನ್ನು ಪಾಲಿಸಿದಲ್ಲಿ ಇಂತಹ ನಷ್ಟಗಳನ್ನು ಬಹುಮಟ್ಟಿಗೆ ತಪ್ಪಿಸಬಹುದಾಗಿದೆ. ಅದೇ ಕ್ರಮದಲ್ಲಿ ಅಗತ್ಯ ಮಾಹಿತಿಯನ್ನು ಈ ಕೆಳಗೆ ನೀಡಲಾಗಿದೆ.

1. ವೃತ್ತಿಯ ವಿಭಾಗಗಳು

ಸೌಂದರ್ಯ ಪ್ರಸಾಧನವು ಒಂದೇ ಕೆಲಸವಲ್ಲ. ಅದರಲ್ಲಿ ಈ ಕೆಳಕಂಡ ವಿಭಾಗಗಳಿವೆ:

ಅ) ಚರ್ಮದ ಆರೈಕೆ: ಫೇಷಿಯಲ್, ಥ್ರೆಡಿಂಗ್, ವ್ಯಾಕ್ಸಿಂಗ್, ಕೈಕಾಲುಗಳ ಆರೈಕೆ.
ಆ) ಕೇಶ ವಿನ್ಯಾಸ: ಕೂದಲು ಕತ್ತರಿಸುವುದು, ಬಣ್ಣ ಹಚ್ಚುವುದು, ನೇರಗೊಳಿಸುವುದು, ಜಡೆ ಮತ್ತು ತುರುಬಿನ ಅಲಂಕಾರ.
ಇ) ಅಲಂಕಾರ: ಮದುಮಗಳ ಮೇಕಪ್, ಸೀರೆ ಉಡಿಸುವುದು, ಮದರಂಗಿ, ನಾಟಕ, ನೃತ್ಯ ಹಾಗೂ ಚಲನಚಿತ್ರಗಳ ಪ್ರಸಾಧನ.
ಈ) ಪುರುಷರ ಕ್ಷೌರ ಮತ್ತು ಕೇಶ ಸೇವೆ.
ಉ) ಸ್ಪಾ ಸೇವೆ.
ಊ) ಬೋಧನೆ: ತರಬೇತಿ ಕೇಂದ್ರಗಳಲ್ಲಿ ಬೋಧಕ ಹುದ್ದೆ.

ಪ್ರಾರಂಭದಲ್ಲಿಯೇ ಎಲ್ಲ ವಿಭಾಗಗಳನ್ನೂ ಕಲಿಯುವ ಪ್ರಯತ್ನಕ್ಕಿಂತ ಒಂದೆರಡರಲ್ಲಿ ಪರಿಣತಿ ಪಡೆಯುವುದು ಲೇಸು. ಸಣ್ಣ ಊರುಗಳಲ್ಲಿ ದಿನನಿತ್ಯದ ಆದಾಯವು ಥ್ರೆಡಿಂಗ್, ಕೂದಲು ಕತ್ತರಿಸುವುದು ಮುಂತಾದ ಸರಳ ಸೇವೆಗಳಿಂದ ಬರುತ್ತದೆ. ಮದುಮಗಳ ಅಲಂಕಾರದಿಂದ ಒಮ್ಮೆಗೆ ಹೆಚ್ಚಿನ ಮೊತ್ತ ದೊರೆತರೂ ಅದು ವಿವಾಹದ ಮುಹೂರ್ತಗಳಿರುವ ತಿಂಗಳುಗಳಿಗೆ ಸೀಮಿತವಾದುದು.

2. ತರಬೇತಿ ಪಡೆಯುವ ಮಾರ್ಗಗಳು

ಅ) ಕೈಗಾರಿಕಾ ತರಬೇತಿ ಸಂಸ್ಥೆ (ಐ.ಟಿ.ಐ.): ಕುಶಲಕರ್ಮಿ ತರಬೇತಿ ಯೋಜನೆಯಡಿ ‘ಕಾಸ್ಮೆಟಾಲಜಿ’ ಎಂಬ ಒಂದು ವರ್ಷದ ವೃತ್ತಿಯನ್ನು ಆಯ್ದ ಸಂಸ್ಥೆಗಳಲ್ಲಿ ಬೋಧಿಸಲಾಗುತ್ತದೆ. ಎಸ್.ಎಸ್.ಎಲ್.ಸಿ. ತೇರ್ಗಡೆ ಹೊಂದಿದವರು ಅರ್ಜಿ ಸಲ್ಲಿಸಬಹುದು. ಅಂತಿಮ ಪರೀಕ್ಷೆಯಲ್ಲಿ ಉತ್ತೀರ್ಣರಾದವರಿಗೆ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರವನ್ನು ನೀಡಲಾಗುತ್ತದೆ. ಈ ಪ್ರಮಾಣಪತ್ರಕ್ಕೆ ದೇಶದಾದ್ಯಂತ ಮಾನ್ಯತೆ ಇದೆ. ಮುಂದೆ ಬೋಧಕರಾಗಲು ಬಯಸುವವರಿಗೆ ಕುಶಲಕರ್ಮಿ ಬೋಧಕರ ತರಬೇತಿಯು ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆಗಳಲ್ಲಿ ಲಭ್ಯವಿದೆ. ಬೆಂಗಳೂರಿನಲ್ಲಿ ಮಹಿಳೆಯರಿಗಾಗಿಯೇ ಇಂತಹ ಸಂಸ್ಥೆಯೊಂದಿದೆ.

ಆ) ರುಡ್‌ಸೆಟ್ ಮತ್ತು ಆರ್‌ಸೆಟಿ ಸಂಸ್ಥೆಗಳು: ನಿರುದ್ಯೋಗಿ ಯುವಜನರಿಗೆ ಸ್ವಉದ್ಯೋಗ ತರಬೇತಿ ನೀಡುವ ಸಲುವಾಗಿ ಮೊದಲ ರುಡ್‌ಸೆಟ್ ಸಂಸ್ಥೆಯು 1982ರಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಉಜಿರೆಯಲ್ಲಿ ಪ್ರಾರಂಭವಾಯಿತು. ಅದೇ ಮಾದರಿಯಲ್ಲಿ ಬ್ಯಾಂಕುಗಳ ಮೂಲಕ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳನ್ನು (ಆರ್‌ಸೆಟಿ) ದೇಶದ ಜಿಲ್ಲೆಗಳಲ್ಲಿ ಸ್ಥಾಪಿಸಲಾಗಿದೆ. ಇಲ್ಲಿ ಬ್ಯೂಟಿ ಪಾರ್ಲರ್ ನಿರ್ವಹಣೆ ಕುರಿತು ಸುಮಾರು ಒಂದು ತಿಂಗಳ ತರಬೇತಿಯನ್ನು ಊಟ ಹಾಗೂ ವಸತಿ ಸಹಿತ ಉಚಿತವಾಗಿ ನೀಡಲಾಗುತ್ತದೆ. ಕೌಶಲದೊಂದಿಗೆ ಲೆಕ್ಕಪತ್ರ, ಬ್ಯಾಂಕ್ ವ್ಯವಹಾರ ಹಾಗೂ ಗ್ರಾಹಕರೊಡನೆ ವ್ಯವಹರಿಸುವ ಕ್ರಮವನ್ನೂ ಕಲಿಸಲಾಗುತ್ತದೆ. ತರಬೇತಿ ಮುಗಿದ ನಂತರ ಎರಡು ವರ್ಷಗಳ ಕಾಲ ಸಂಸ್ಥೆಯು ಅಭ್ಯರ್ಥಿಯ ಸಂಪರ್ಕದಲ್ಲಿದ್ದು, ಬ್ಯಾಂಕ್ ಸಾಲ ಪಡೆಯಲು ಮಾರ್ಗದರ್ಶನ ನೀಡುತ್ತದೆ.

ಇ) ಅಲ್ಪಾವಧಿ ಕೌಶಲ ತರಬೇತಿ: ಬ್ಯೂಟಿ ಅಂಡ್ ವೆಲ್‌ನೆಸ್ ಸೆಕ್ಟರ್ ಸ್ಕಿಲ್ ಕೌನ್ಸಿಲ್ ರೂಪಿಸಿದ ಮಾನದಂಡಗಳಂತೆ ಸಹಾಯಕ ಬ್ಯೂಟಿ ಥೆರಪಿಸ್ಟ್, ಬ್ಯೂಟಿ ಥೆರಪಿಸ್ಟ್, ಹೇರ್ ಸ್ಟೈಲಿಸ್ಟ್ ಮುಂತಾದ ಕೆಲಸಗಳಿಗೆ ಪ್ರತ್ಯೇಕ ತರಬೇತಿ ಹಾಗೂ ಮೌಲ್ಯಮಾಪನದ ವ್ಯವಸ್ಥೆ ಇದೆ. ತರಬೇತಿ ಕೇಂದ್ರಗಳ ವಿವರವನ್ನು ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿಯಲ್ಲಿ ಅಥವಾ ಸ್ಕಿಲ್ ಇಂಡಿಯಾ ಡಿಜಿಟಲ್ ಹಬ್ ಜಾಲತಾಣದಲ್ಲಿ ಪಡೆಯಬಹುದು.

ಈ) ಪೂರ್ವ ಕಲಿಕೆಯ ಮಾನ್ಯತೆ: ಹಲವು ವರ್ಷಗಳಿಂದ ಕೆಲಸ ಮಾಡುತ್ತಿದ್ದರೂ ಪ್ರಮಾಣಪತ್ರ ಇಲ್ಲದವರು ಹೊಸದಾಗಿ ಪೂರ್ಣ ತರಬೇತಿ ಪಡೆಯಬೇಕಾಗಿಲ್ಲ. ಅವರ ಕೌಶಲವನ್ನು ಪರೀಕ್ಷಿಸಿ ಪ್ರಮಾಣಪತ್ರ ನೀಡುವ ವ್ಯವಸ್ಥೆ ಇದೆ. ಹಿರಿಯರಿಂದ ಕೆಲಸ ಕಲಿತ ಕ್ಷೌರಿಕರಿಗೆ ಹಾಗೂ ಮನೆಯಲ್ಲಿಯೇ ಪಾರ್ಲರ್ ನಡೆಸುತ್ತಿರುವ ಮಹಿಳೆಯರಿಗೆ ಇದು ಉಪಯುಕ್ತವಾಗಿದೆ.

3. ಖಾಸಗಿ ತರಬೇತಿ ಕೇಂದ್ರ ಸೇರುವ ಮುನ್ನ

ಖಾಸಗಿ ಕೇಂದ್ರಗಳಲ್ಲಿ ಉತ್ತಮ ತರಬೇತಿ ನೀಡುವವು ಇವೆ. ಆದರೆ ಹೆಚ್ಚು ಶುಲ್ಕವು ಹೆಚ್ಚು ಕಲಿಕೆಯ ಖಾತರಿಯಲ್ಲ. ಚಿನ್ನಾಭರಣ ಅಡವಿಟ್ಟು ಅಥವಾ ಸಾಲ ಮಾಡಿ ಶುಲ್ಕ ಪಾವತಿಸುವ ಮೊದಲು ಈ ಕೆಳಕಂಡ ಅಂಶಗಳನ್ನು ಲಿಖಿತವಾಗಿ ಕೇಳಿ ತಿಳಿಯತಕ್ಕದ್ದು:

- ಪ್ರಮಾಣಪತ್ರ ನೀಡುವ ಸಂಸ್ಥೆ ಯಾವುದು? ‘ಅಂತರರಾಷ್ಟ್ರೀಯ’ ಎಂಬ ಪದವು ಮಾನ್ಯತೆಯ ಪುರಾವೆಯಲ್ಲ.
- ಒಟ್ಟು ಅವಧಿಯಲ್ಲಿ ಪ್ರಾಯೋಗಿಕ ತರಗತಿಗಳು ಎಷ್ಟು ಗಂಟೆ? ಪ್ರತಿ ಅಭ್ಯರ್ಥಿಗೆ ಸ್ವತಃ ಕೆಲಸ ಮಾಡಲು ಅವಕಾಶವಿದೆಯೇ?
- ಕತ್ತರಿ, ಬ್ರಷ್, ಕ್ರೀಮ್ ಮುಂತಾದ ಸಾಮಗ್ರಿಗಳ ವೆಚ್ಚ ಶುಲ್ಕದಲ್ಲಿ ಸೇರಿದೆಯೇ?
- ಮಧ್ಯದಲ್ಲಿ ಬಿಡಬೇಕಾದ ಸಂದರ್ಭದಲ್ಲಿ ಶುಲ್ಕ ಹಿಂದಿರುಗಿಸುವ ನಿಯಮವೇನು?
- ಉದ್ಯೋಗ ಕೊಡಿಸುವ ಭರವಸೆ ನೀಡಿದ್ದಲ್ಲಿ, ಹಿಂದಿನ ತಂಡದವರು ಎಲ್ಲಿ ಕೆಲಸ ಮಾಡುತ್ತಿದ್ದಾರೆ?

ಪಾವತಿಸಿದ ಪ್ರತಿ ಮೊತ್ತಕ್ಕೂ ರಸೀದಿ ಪಡೆಯತಕ್ಕದ್ದು. ರಸೀದಿ ಹಾಗೂ ಲಿಖಿತ ಭರವಸೆ ಇದ್ದಲ್ಲಿ, ಸೇವೆಯಲ್ಲಿ ಲೋಪವಾದಾಗ ಪರಿಹಾರ ಕೋರಲು ಅವು ಆಧಾರವಾಗುತ್ತವೆ.

4. ಮೊದಲ ಉದ್ಯೋಗ

ತರಬೇತಿ ಮುಗಿದ ಕೂಡಲೇ ಸ್ವಂತ ಮಳಿಗೆ ತೆರೆಯುವ ಬದಲು ಕನಿಷ್ಠ ಒಂದು ವರ್ಷ ಚೆನ್ನಾಗಿ ನಡೆಯುತ್ತಿರುವ ಮಳಿಗೆಯಲ್ಲಿ ಕೆಲಸ ಮಾಡುವುದು ಸೂಕ್ತ. ತರಗತಿಯಲ್ಲಿ ಒಂದು ಬಗೆಯ ಕೂದಲಿನ ಮೇಲೆ ಅಭ್ಯಾಸ ಮಾಡಿದವರಿಗೆ ಮಳಿಗೆಯಲ್ಲಿ ಹತ್ತಾರು ಬಗೆಯ ಕೂದಲು, ಚರ್ಮ ಹಾಗೂ ಸ್ವಭಾವಗಳ ಪರಿಚಯವಾಗುತ್ತದೆ. ಯಾವ ಸಾಮಗ್ರಿ ಎಷ್ಟು ದಿನ ಬರುತ್ತದೆ, ಯಾವ ಸೇವೆಗೆ ಎಷ್ಟು ಸಮಯ ಬೇಕು, ಯಾವ ತಿಂಗಳಲ್ಲಿ ಗ್ರಾಹಕರು ಕಡಿಮೆಯಾಗುತ್ತಾರೆ ಎಂಬುದು ಅಲ್ಲಿಯೇ ತಿಳಿಯುತ್ತದೆ.

ಶಿಶಿಕ್ಷು ಕಾಯ್ದೆ, 1961ರ ಅಡಿಯಲ್ಲಿ ನೋಂದಾಯಿತ ಸಂಸ್ಥೆಗಳಲ್ಲಿ ಶಿಷ್ಯವೇತನದೊಂದಿಗೆ ಕೆಲಸ ಕಲಿಯುವ ಅವಕಾಶವೂ ಇದೆ. ಕೆಲಸಕ್ಕೆ ಸೇರುವಾಗ ವೇತನ, ಕೆಲಸದ ವೇಳೆ, ವಾರದ ರಜೆ ಹಾಗೂ ಗ್ರಾಹಕರ ಮೇಲಿನ ಕಮಿಷನ್ ಕುರಿತ ಷರತ್ತುಗಳನ್ನು ಬರವಣಿಗೆಯಲ್ಲಿ ಪಡೆಯುವುದು ಉತ್ತಮ. ಮೂಲ ಅಂಕಪಟ್ಟಿ ಅಥವಾ ಪ್ರಮಾಣಪತ್ರಗಳನ್ನು ಮಾಲೀಕರ ವಶಕ್ಕೆ ಒಪ್ಪಿಸಬಾರದು. ಪರಿಶೀಲನೆಗೆ ತೋರಿಸಿ ನಕಲು ಪ್ರತಿ ನೀಡಿದರೆ ಸಾಕು.

5. ಸ್ವಂತ ಮಳಿಗೆ: ಮೊದಲು ಲೆಕ್ಕ

ಸಾಲದ ಅರ್ಜಿ ಬರೆಯುವ ಮೊದಲು ದಿನಕ್ಕೆ ಎಷ್ಟು ಗ್ರಾಹಕರು ಬಂದರೆ ಮಳಿಗೆ ನಡೆಯುತ್ತದೆ ಎಂಬುದನ್ನು ಲೆಕ್ಕ ಹಾಕತಕ್ಕದ್ದು. ಈ ಕೆಳಗಿನದು ಕೇವಲ ಒಂದು ಮಾದರಿ. ಅರ್ಜಿದಾರರು ತಮ್ಮ ಊರಿನ ದರಗಳನ್ನು ಹಾಕಿ ನೋಡಬೇಕು.

ತಿಂಗಳ ಸ್ಥಿರ ವೆಚ್ಚ:
ಬಾಡಿಗೆ – ರೂ. 5,000
ವಿದ್ಯುತ್ ಮತ್ತು ನೀರು – ರೂ. 1,000
ಸಾಲದ ಕಂತು – ರೂ. 3,500
ಇತರೆ – ರೂ. 500
ಒಟ್ಟು – ರೂ. 10,000

ಒಬ್ಬ ಗ್ರಾಹಕರಿಂದ ಸರಾಸರಿ ರೂ. 150 ಬಂದು, ಅದರಲ್ಲಿ ಸಾಮಗ್ರಿಗೆ ರೂ. 30 ಹೋದರೆ ಉಳಿಯುವುದು ರೂ. 120. ಸ್ಥಿರ ವೆಚ್ಚ ಭರಿಸಲು ತಿಂಗಳಿಗೆ 84 ಗ್ರಾಹಕರು ಬೇಕಾಗುತ್ತದೆ. ಮಾಲೀಕರಿಗೆ ತಿಂಗಳಿಗೆ ರೂ. 12,000 ಉಳಿಯಬೇಕಾದರೆ 184 ಗ್ರಾಹಕರು, ಅಂದರೆ 26 ಕೆಲಸದ ದಿನಗಳಲ್ಲಿ ದಿನಕ್ಕೆ ಸುಮಾರು 7 ಜನ ಬರಬೇಕು. ಊರಿನಲ್ಲಿ ಈಗಾಗಲೇ ಎಷ್ಟು ಮಳಿಗೆಗಳಿವೆ, ಅಷ್ಟು ಜನ ಬರುವ ಸಾಧ್ಯತೆ ಇದೆಯೇ ಎಂಬುದನ್ನು ಗಮನಿಸಿ ನಿರ್ಧಾರ ಕೈಗೊಳ್ಳಬೇಕು. ಲೆಕ್ಕ ಹೊಂದದಿದ್ದಲ್ಲಿ ಮನೆಯಲ್ಲಿಯೇ ಒಂದು ಕುರ್ಚಿ, ಒಂದು ಕನ್ನಡಿಯೊಂದಿಗೆ ಪ್ರಾರಂಭಿಸಿ ಗ್ರಾಹಕರನ್ನು ಸಂಪಾದಿಸಿಕೊಂಡ ನಂತರ ಮಳಿಗೆಗೆ ಹೋಗುವುದು ಕ್ಷೇಮ.

ಆದಾಯವು ವರ್ಷವಿಡೀ ಒಂದೇ ಸಮನಾಗಿರುವುದಿಲ್ಲ. ಆಷಾಢ, ಪಿತೃಪಕ್ಷ ಹಾಗೂ ಧನುರ್ಮಾಸದಲ್ಲಿ ಮದುವೆಗಳು ಇಲ್ಲದಿರುವುದರಿಂದ ಅಲಂಕಾರದ ಕೆಲಸ ಇಳಿಯುತ್ತದೆ. ಸಾಲದ ಕಂತು ಮಾತ್ರ ಪ್ರತಿ ತಿಂಗಳೂ ಬರುತ್ತದೆ. ಆದುದರಿಂದ ಮದುವೆಯ ತಿಂಗಳುಗಳ ಆದಾಯದಿಂದ ಕನಿಷ್ಠ ಮೂರು ಕಂತುಗಳ ಮೊತ್ತವನ್ನು ಬ್ಯಾಂಕಿನಲ್ಲಿ ಪ್ರತ್ಯೇಕವಾಗಿ ಇಡತಕ್ಕದ್ದು.

6. ಆರ್ಥಿಕ ನೆರವಿನ ಯೋಜನೆಗಳು

ಅ) ಪ್ರಧಾನ ಮಂತ್ರಿ ಮುದ್ರಾ ಯೋಜನೆ (2015): ಯಾವುದೇ ಆಸ್ತಿ ಅಡಮಾನವಿಲ್ಲದೆ ಬ್ಯಾಂಕ್ ಸಾಲ. ಶಿಶು ವರ್ಗದಲ್ಲಿ ರೂ. 50,000ದವರೆಗೆ, ಕಿಶೋರ ವರ್ಗದಲ್ಲಿ ರೂ. 5 ಲಕ್ಷದವರೆಗೆ, ತರುಣ ವರ್ಗದಲ್ಲಿ ರೂ. 10 ಲಕ್ಷದವರೆಗೆ ಸಾಲ ದೊರೆಯುತ್ತದೆ. ಇದು ಸಾಲವೇ ಹೊರತು ಸಹಾಯಧನವಲ್ಲ. ಪೂರ್ಣ ಮೊತ್ತವನ್ನು ಬಡ್ಡಿ ಸಹಿತ ಮರುಪಾವತಿಸಬೇಕು.

ಆ) ಪ್ರಧಾನ ಮಂತ್ರಿಗಳ ಉದ್ಯೋಗ ಸೃಜನ ಕಾರ್ಯಕ್ರಮ (2008): 2022ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಂತೆ ಸೇವಾ ಘಟಕಗಳಿಗೆ ಗರಿಷ್ಠ ಯೋಜನಾ ವೆಚ್ಚ ರೂ. 20 ಲಕ್ಷ. ಸಾಮಾನ್ಯ ವರ್ಗದವರಿಗೆ ನಗರ ಪ್ರದೇಶದಲ್ಲಿ ಶೇ. 15, ಗ್ರಾಮೀಣ ಪ್ರದೇಶದಲ್ಲಿ ಶೇ. 25ರಷ್ಟು ಸಹಾಯಧನವಿದೆ. ಮಹಿಳೆಯರು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು, ಮಾಜಿ ಸೈನಿಕರು ಹಾಗೂ ವಿಕಲಚೇತನರಿಗೆ ಕ್ರಮವಾಗಿ ಶೇ. 25 ಮತ್ತು ಶೇ. 35. ಉದಾಹರಣೆಗೆ, ಗ್ರಾಮೀಣ ಮಹಿಳೆಯೊಬ್ಬರ ಯೋಜನಾ ವೆಚ್ಚ ರೂ. 4 ಲಕ್ಷವಾದರೆ ಸ್ವಂತ ಬಂಡವಾಳ ರೂ. 20,000 (ಶೇ. 5), ಸಹಾಯಧನ ರೂ. 1,40,000 ಆಗುತ್ತದೆ. ಸಹಾಯಧನವನ್ನು ಕೈಗೆ ನೀಡದೆ ಬ್ಯಾಂಕಿನಲ್ಲಿ ಮೂರು ವರ್ಷ ಠೇವಣಿಯಾಗಿ ಇರಿಸಿ, ಘಟಕವು ನಡೆಯುತ್ತಿರುವುದನ್ನು ಪರಿಶೀಲಿಸಿ ಸಾಲಕ್ಕೆ ಹೊಂದಿಸಲಾಗುತ್ತದೆ. ಹೊಸ ಘಟಕಗಳಿಗೆ ಮಾತ್ರ ಸೌಲಭ್ಯ ಅನ್ವಯಿಸುತ್ತದೆ. ಬೇರೆ ಸರ್ಕಾರಿ ಯೋಜನೆಯಲ್ಲಿ ಸಹಾಯಧನ ಪಡೆದ ಘಟಕಗಳು ಅರ್ಹವಲ್ಲ. ಈ ಮಾರ್ಗಸೂಚಿಯ ಅವಧಿಯನ್ನು 2025-26ರವರೆಗೆ ನಿಗದಿಪಡಿಸಲಾಗಿದ್ದು, ಅರ್ಜಿ ಸಲ್ಲಿಸುವ ಮುನ್ನ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಪ್ರಸಕ್ತ ನಿಯಮಗಳನ್ನು ಖಚಿತಪಡಿಸಿಕೊಳ್ಳತಕ್ಕದ್ದು.

ಇ) ಉದ್ಯೋಗಿನಿ: ಕರ್ನಾಟಕ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಮೂಲಕ ಜಾರಿಯಲ್ಲಿರುವ, ಬ್ಯಾಂಕ್ ಸಾಲದೊಂದಿಗೆ ಸಹಾಯಧನ ಒದಗಿಸುವ ಮಹಿಳೆಯರ ಯೋಜನೆ. ವಯೋಮಿತಿ 18ರಿಂದ 55 ವರ್ಷ. ಕುಟುಂಬದ ವಾರ್ಷಿಕ ಆದಾಯದ ಮಿತಿ ಹಾಗೂ ಸಹಾಯಧನದ ಪ್ರಮಾಣ ವರ್ಗವಾರು ಬೇರೆಯಾಗಿರುತ್ತದೆ. ಆಯಾ ವರ್ಷದ ಗುರಿ ಮತ್ತು ಅರ್ಜಿಯ ಕೊನೆಯ ದಿನಾಂಕವನ್ನು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯಲ್ಲಿ ತಿಳಿಯಬಹುದು.

ಈ) ಪಿ.ಎಂ. ವಿಶ್ವಕರ್ಮ ಯೋಜನೆ (17 ಸೆಪ್ಟೆಂಬರ್ 2023): ಈ ಯೋಜನೆಯ 18 ಸಾಂಪ್ರದಾಯಿಕ ವೃತ್ತಿಗಳಲ್ಲಿ ಕ್ಷೌರಿಕ ವೃತ್ತಿಯೂ ಸೇರಿದೆ. ಮೂಲ ತರಬೇತಿಯ ಅವಧಿಯಲ್ಲಿ ದಿನಕ್ಕೆ ರೂ. 500 ಶಿಷ್ಯವೇತನ, ಉಪಕರಣಗಳಿಗಾಗಿ ರೂ. 15,000ದವರೆಗೆ ಪ್ರೋತ್ಸಾಹಧನ, ಶೇ. 5ರ ಬಡ್ಡಿಯಲ್ಲಿ ಮೊದಲು ರೂ. 1 ಲಕ್ಷ ಹಾಗೂ ನಂತರ ರೂ. 2 ಲಕ್ಷದವರೆಗೆ ಸಾಲದ ಸೌಲಭ್ಯವಿದೆ. ಕುಟುಂಬದ ಒಬ್ಬ ಸದಸ್ಯರು ಮಾತ್ರ ಅರ್ಹರು.

ಸಾಲ ಮಂಜೂರು ಮಾಡಿಸಿಕೊಡುವುದಾಗಿ ಹೇಳಿ ಹಣ ಕೇಳುವ ಮಧ್ಯವರ್ತಿಗಳಿಗೆ ಯಾವುದೇ ಮೊತ್ತ ನೀಡಬಾರದು. ಮಂಜೂರಾತಿಯ ಅಧಿಕಾರ ಬ್ಯಾಂಕಿಗೆ ಮಾತ್ರ ಇರುತ್ತದೆ.

7. ನೋಂದಣಿ ಮತ್ತು ಪರವಾನಗಿ

- ವ್ಯಾಪಾರ ಪರವಾನಗಿ: ಸಂಬಂಧಪಟ್ಟ ಮಹಾನಗರ ಪಾಲಿಕೆ, ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ ಅಥವಾ ಗ್ರಾಮ ಪಂಚಾಯಿತಿಯಲ್ಲಿ ಪಡೆಯತಕ್ಕದ್ದು.
- ಅಂಗಡಿ ನೋಂದಣಿ: ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರಂತೆ ಮಳಿಗೆ ಪ್ರಾರಂಭವಾದ 30 ದಿನಗಳೊಳಗೆ ಕಾರ್ಮಿಕ ಇಲಾಖೆಯಲ್ಲಿ ಅರ್ಜಿ ಸಲ್ಲಿಸಬೇಕು.
- ಉದ್ಯಮ್ ನೋಂದಣಿ: ಆಧಾರ್ ಮತ್ತು ಪ್ಯಾನ್ ಆಧಾರದಲ್ಲಿ ಸರ್ಕಾರಿ ಜಾಲತಾಣದಲ್ಲಿ ಸಂಪೂರ್ಣ ಉಚಿತವಾಗಿ ಮಾಡಿಕೊಳ್ಳಬಹುದು. ಹಣ ಕೇಳುವ ಖಾಸಗಿ ಜಾಲತಾಣಗಳ ಬಗ್ಗೆ ಎಚ್ಚರ ವಹಿಸಬೇಕು.
- ಸರಕು ಮತ್ತು ಸೇವಾ ತೆರಿಗೆ: ಕೇವಲ ಸೇವೆ ಒದಗಿಸುವವರಿಗೆ ರಾಜ್ಯದೊಳಗಿನ ವಾರ್ಷಿಕ ವಹಿವಾಟು ರೂ. 20 ಲಕ್ಷ ಮೀರುವವರೆಗೆ ಸಾಮಾನ್ಯವಾಗಿ ನೋಂದಣಿ ಅಗತ್ಯವಿಲ್ಲ. ಸಲೂನ್ ಮತ್ತು ಸೌಂದರ್ಯ ಸೇವೆಗಳ ಮೇಲಿನ ತೆರಿಗೆಯನ್ನು 22 ಸೆಪ್ಟೆಂಬರ್ 2025ರಿಂದ ಶೇ. 18ರಿಂದ ಶೇ. 5ಕ್ಕೆ ಇಳಿಸಲಾಗಿದೆ. ಈ ದರದಲ್ಲಿ ಹೂಡುವಳಿ ತೆರಿಗೆ ಜಮೆಯ ಸೌಲಭ್ಯ ಇರುವುದಿಲ್ಲ.

8. ನೈರ್ಮಲ್ಯ ಮತ್ತು ಗ್ರಾಹಕರ ಸುರಕ್ಷತೆ

ಈ ವೃತ್ತಿಯಲ್ಲಿ ಹಲವು ವರ್ಷ ಗಳಿಸಿದ ವಿಶ್ವಾಸವು ಒಂದು ದಿನದ ಅಜಾಗರೂಕತೆಯಿಂದ ಹೋಗಬಹುದು. ಆದುದರಿಂದ ಈ ಕೆಳಕಂಡ ಕ್ರಮಗಳನ್ನು ಕಟ್ಟುನಿಟ್ಟಾಗಿ ಪಾಲಿಸತಕ್ಕದ್ದು:

ಅ) ಹೆಪಟೈಟಿಸ್ ‘ಬಿ’, ಹೆಪಟೈಟಿಸ್ ‘ಸಿ’ ಮತ್ತು ಎಚ್.ಐ.ವಿ. ಸೋಂಕುಗಳು ರಕ್ತದ ಮೂಲಕ ಹರಡುತ್ತವೆ. ಪ್ರತಿ ಗ್ರಾಹಕರಿಗೂ ಹೊಸ ಬ್ಲೇಡ್ ಬಳಸಿ, ನಂತರ ಗಟ್ಟಿಯಾದ ಡಬ್ಬಿಯಲ್ಲಿ ವಿಲೇವಾರಿ ಮಾಡಬೇಕು. ಲೋಹದ ಉಪಕರಣಗಳನ್ನು ಮೊದಲು ಸೋಪಿನಿಂದ ತೊಳೆದು, ನಂತರ ಸೋಂಕು ನಿವಾರಿಸಬೇಕು. ಅಲ್ಟ್ರಾವೈಲೆಟ್ ಪೆಟ್ಟಿಗೆಯು ಶುದ್ಧಗೊಳಿಸಿದ ಉಪಕರಣಗಳನ್ನು ಇಡಲು ಮಾತ್ರ ಉಪಯುಕ್ತ. ಅದು ಸೋಂಕು ನಿವಾರಣೆಗೆ ಬದಲಿಯಲ್ಲ. ವೃತ್ತಿನಿರತರು ಹೆಪಟೈಟಿಸ್ ‘ಬಿ’ ಲಸಿಕೆ ಹಾಕಿಸಿಕೊಳ್ಳುವುದು ಸೂಕ್ತ.

ಆ) ತಲೆಕೂದಲಿನ ಹಲವು ಬಣ್ಣಗಳಲ್ಲಿ ಇರುವ ಪ್ಯಾರಾಫೆನಿಲೀನ್ ಡೈಅಮೀನ್ ಎಂಬ ರಾಸಾಯನಿಕವು ಕೆಲವರಿಗೆ ತೀವ್ರ ಅಲರ್ಜಿ ಉಂಟುಮಾಡುತ್ತದೆ. ಪೊಟ್ಟಣದ ಮೇಲಿನ ಸೂಚನೆಯಂತೆ ಕಿವಿಯ ಹಿಂಭಾಗದಲ್ಲಿ ಅಥವಾ ಮುಂಗೈಯ ಒಳಭಾಗದಲ್ಲಿ ಸ್ವಲ್ಪ ಹಚ್ಚಿ, ಸೂಚಿಸಿದ ಅವಧಿ ಕಾದು ನೋಡಿದ ನಂತರವೇ ಬಳಸಬೇಕು. ಹುಬ್ಬು ಮತ್ತು ರೆಪ್ಪೆಗಳಿಗೆ ಇಂತಹ ಬಣ್ಣವನ್ನು ಹಚ್ಚಬಾರದು; ದೃಷ್ಟಿಗೆ ಅಪಾಯವಾಗಬಹುದು.

ಇ) ಕೂದಲು ನೇರಗೊಳಿಸುವ ಕೆಲವು ದ್ರಾವಣಗಳು ಕಾಯಿಸಿದಾಗ ಫಾರ್ಮಾಲ್ಡಿಹೈಡ್ ಅನಿಲವನ್ನು ಬಿಡುಗಡೆ ಮಾಡುತ್ತವೆ. ಇದರಿಂದ ಗ್ರಾಹಕರಿಗಿಂತ ದಿನವೂ ಉಸಿರಾಡುವ ಕೆಲಸಗಾರರಿಗೆ ಹೆಚ್ಚು ತೊಂದರೆಯಾಗುವುದರಿಂದ, ಅಂತಹ ದ್ರಾವಣಗಳನ್ನು ಬಳಸದಿರುವುದೇ ಕ್ಷೇಮ. ಮಳಿಗೆಯಲ್ಲಿ ಗಾಳಿ ಆಡುವ ವ್ಯವಸ್ಥೆ ಇರಬೇಕು.

ಈ) ತಯಾರಕರ ಹೆಸರು, ಪರವಾನಗಿ ಸಂಖ್ಯೆ ಹಾಗೂ ಬಳಕೆಯ ಅವಧಿ ಮುದ್ರಿತವಾಗಿಲ್ಲದ ‘ಬಿಳಿಯಾಗಿಸುವ’ ಕ್ರೀಮುಗಳನ್ನು ಖರೀದಿಸಬಾರದು. ಇಂತಹ ಕೆಲವು ಕ್ರೀಮುಗಳಲ್ಲಿ ಬೆರೆಸುವ ಪಾದರಸವು ಮೂತ್ರಪಿಂಡಗಳಿಗೆ ಹಾನಿ ಮಾಡುತ್ತದೆ. ಸ್ಟೆರಾಯ್ಡ್ ಮುಲಾಮುಗಳನ್ನು ವೈದ್ಯರ ಸಲಹೆ ಇಲ್ಲದೆ ಬಳಸಬಾರದು. ಚುಚ್ಚುಮದ್ದು ನೀಡುವುದು ಮತ್ತು ಕೂದಲು ಕಸಿ ಮಾಡುವುದು ನೋಂದಾಯಿತ ವೈದ್ಯರ ಕೆಲಸ, ಪಾರ್ಲರ್‌ಗಳಲ್ಲಿ ಮಾಡಬಾರದು.

9. ಕೆಲಸಗಾರರ ಹಿತರಕ್ಷಣೆ

ಇತರರನ್ನು ಕೆಲಸಕ್ಕೆ ನೇಮಿಸಿಕೊಂಡಲ್ಲಿ ಸರ್ಕಾರ ನಿಗದಿಪಡಿಸಿದ ಕನಿಷ್ಠ ವೇತನ ಹಾಗೂ ವಾರದ ರಜೆ ನೀಡತಕ್ಕದ್ದು. 2013ರ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಮಳಿಗೆಯಲ್ಲಿ ಲೈಂಗಿಕ ಕಿರುಕುಳದ ದೂರು ಸ್ವೀಕರಿಸಲು ಆಂತರಿಕ ಸಮಿತಿ ಇರಬೇಕು. ಅದಕ್ಕಿಂತ ಕಡಿಮೆ ಕೆಲಸಗಾರರಿರುವ ಮಳಿಗೆಗಳ ಮಹಿಳೆಯರು, ಹಾಗೂ ಮಾಲೀಕರ ವಿರುದ್ಧವೇ ದೂರು ಇರುವವರು, ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಸಲ್ಲಿಸಬಹುದು.

ಅಸಂಘಟಿತ ವಲಯದ ಕೆಲಸಗಾರರು ಇ-ಶ್ರಮ್ ಜಾಲತಾಣದಲ್ಲಿ ನೋಂದಾಯಿಸಿಕೊಳ್ಳಬಹುದು. ಕ್ಷೌರಿಕರು ಕರ್ನಾಟಕ ರಾಜ್ಯ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿಯ ಸೌಲಭ್ಯಗಳಿಗೂ ಅರ್ಜಿ ಸಲ್ಲಿಸಬಹುದು. ದಿನವಿಡೀ ನಿಂತು ಕೆಲಸ ಮಾಡುವುದರಿಂದ ಕಾಲಿನ ನರ ಉಬ್ಬುವುದು, ಬೆನ್ನು ಹಾಗೂ ಮಣಿಕಟ್ಟಿನ ನೋವು ಈ ವೃತ್ತಿಯಲ್ಲಿ ಸಾಮಾನ್ಯ. ಎತ್ತರ ಹೊಂದಿಸಬಹುದಾದ ಕುರ್ಚಿಗೆ ಮಾಡುವ ಖರ್ಚು ಆಡಂಬರದ ಖರ್ಚಲ್ಲ.

10. ವೃತ್ತಿಯಲ್ಲಿ ಬೆಳವಣಿಗೆ

ಗ್ರಾಹಕರ ಹೆಸರು, ಬಳಸಿದ ಬಣ್ಣದ ಸಂಖ್ಯೆ, ಅಲರ್ಜಿ ಇದ್ದಲ್ಲಿ ಅದರ ವಿವರ ಮತ್ತು ಭೇಟಿಯ ದಿನಾಂಕವನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯ ಅಭ್ಯಾಸ. ದಿನದ ಆದಾಯ ಮತ್ತು ಖರ್ಚನ್ನು ಅಂದೇ ಬರೆದು, ಹಣವನ್ನು ಬ್ಯಾಂಕ್ ಖಾತೆಗೆ ಜಮಾ ಮಾಡುತ್ತಾ ಬಂದಲ್ಲಿ ಮುಂದಿನ ಸಾಲಕ್ಕೆ ಆ ಖಾತೆಯೇ ಸಾಕ್ಷಿಯಾಗುತ್ತದೆ. ದರಪಟ್ಟಿಯನ್ನು ಎದ್ದು ಕಾಣುವಂತೆ ಹಾಕಬೇಕು. ಮದುವೆಯ ಕೆಲಸಕ್ಕೆ ಮುಂಗಡ ಪಡೆದು ರಸೀದಿ ನೀಡುವುದರಿಂದ ಉಭಯತ್ರರಿಗೂ ಅನುಕೂಲ.

ಮೊದಲ ಸಾಲ ತೀರಿದ ನಂತರವೇ ಎರಡನೆಯ ಕುರ್ಚಿ ಅಥವಾ ಹೊಸ ಯಂತ್ರದ ಬಗ್ಗೆ ಆಲೋಚಿಸುವುದು ವಿವೇಕದ ಮಾರ್ಗ. ಅನುಭವ ಪಡೆದವರು ಬೋಧಕರಾಗಿ, ಮದುವೆ ಅಲಂಕಾರದ ಪರಿಣತರಾಗಿ ಅಥವಾ ಇತರರಿಗೆ ಉದ್ಯೋಗ ನೀಡುವ ಮಾಲೀಕರಾಗಿ ಮುಂದುವರಿಯಬಹುದು.

11. ಸಾಲದ ಅರ್ಜಿಯೊಂದಿಗೆ ಸಾಮಾನ್ಯವಾಗಿ ಬೇಕಾಗುವ ದಾಖಲೆಗಳು

- ಆಧಾರ್ ಮತ್ತು ಪ್ಯಾನ್ ಪ್ರತಿ, ಭಾವಚಿತ್ರಗಳು
- ಜಾತಿ ಮತ್ತು ಆದಾಯ ಪ್ರಮಾಣಪತ್ರ (ಅನ್ವಯಿಸಿದಲ್ಲಿ)
- ತರಬೇತಿ ಹಾಗೂ ಅನುಭವದ ಪ್ರಮಾಣಪತ್ರ
- ಬ್ಯಾಂಕ್ ಪಾಸ್ ಪುಸ್ತಕದ ಪ್ರತಿ
- ಯೋಜನಾ ವರದಿ ಮತ್ತು ಉಪಕರಣಗಳ ದರಪಟ್ಟಿ
- ಬಾಡಿಗೆ ಕರಾರು ಪತ್ರ ಅಥವಾ ಸ್ವಂತ ಕಟ್ಟಡದ ದಾಖಲೆ

ಅರ್ಜಿ ಸಲ್ಲಿಸಿದ ನಂತರ ಸ್ವೀಕೃತಿ ಪತ್ರವನ್ನು ಪಡೆದು ಜೋಪಾನವಾಗಿ ಇರಿಸಿಕೊಳ್ಳತಕ್ಕದ್ದು. ಹೆಚ್ಚಿನ ಮಾಹಿತಿಗಾಗಿ ಸಮೀಪದ ಸರ್ಕಾರಿ ಐ.ಟಿ.ಐ., ಜಿಲ್ಲೆಯ ಆರ್‌ಸೆಟಿ ಸಂಸ್ಥೆ, ಜಿಲ್ಲಾ ಕೈಗಾರಿಕಾ ಕೇಂದ್ರ ಅಥವಾ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.